ಬಾಂಬು ಬೀಳದ ಊರು ಯಾಕೆ ಕುಸಿದು ಬಿತ್ತು?

ಕಮ್ಯುನಿಸಂನಿಂದಲೇ ಬಡತನ, ಪಾಳುಬಿದ್ದ ಮನೆ ಬರುತ್ತಾ ಅಂತ ವಾದ ಶುರುವಾದ್ರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಮೊದಲೇ ಹೇಳಿಬಿಡಬಹುದು. ಒಬ್ಬ ಕಮ್ಯುನಿಸ್ಟ್ ದೇಶಗಳ ಆ ಬೂದು ಬಣ್ಣದ ಕಾಂಕ್ರೀಟ್ ಬ್ಲಾಕುಗಳ ಫೋಟೋ ತೆಗೆದು ನೋಡಿದ್ಯಾ ಇದೇ ಇವರ ಸಮಾನತೆ ಅಂತಾನೆ. ಇನ್ನೊಬ್ಬ ಅದಕ್ಕೆ ನಿಮ್ಮ ಬೆಂಗಳೂರಿನ ಫ್ಲೈಓವರ್ ಕೆಳಗೆ ಯಾರು ಮಲಗಿದಾರೆ ನೋಡ್ಕೊಂಡು ಬಾ, ಅಲ್ಲಿ ಎಲ್ಲರಿಗೂ ತಲೆ ಮೇಲೆ ಸೂರಿತ್ತು ಅಂತಾನೆ. ನಮ್ಮ ಸರ್ಕಲ್ಲಲ್ಲಿ ಈ ಎರಡು ಪಾರ್ಟು ಮಾಡೋರು ಖಾಯಂ ಆಗಿದ್ದಾರೆ. ಬೂದು ಫೋಟೋ ತೋರಿಸೋನು ನಮ್ಮ ದೊಡ್ಡಪ್ಪನ ಮಗ, ಷೇರು ಮಾರ್ಕೆಟ್ಟೇ ಅವನ ಕುಲದೈವ. ಸೂರಿನ ಮಾತಾಡೋನು ದಕ್ಷಿಣ ಕನ್ನಡದ ಗೆಳೆಯ, ಕಾಲೇಜಲ್ಲಿ ಬಾವುಟ ಹಿಡಿದಿದ್ದ, ಈಗ ಬರ್ಲಿನ್ನಲ್ಲಿ ಸಾಫ್ಟ್‌ವೇರ್ ಬರೀತಾನೆ, ನಾವೆಲ್ಲ ಅವನನ್ನ ಕಾಮ್ರೇಡ್ ಅಂತಲೇ ಕರೆಯೋದು. ನಾನಿರೋದು ಹಿಂದಿನ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಗ್ರೂನೌ ಅನ್ನೋ ಬಡಾವಣೆಯ ಒಂದು ಪ್ಯಾನೆಲ್ ಕಟ್ಟಡದಲ್ಲಿ, ಕಾರ್ಖಾನೆಯಲ್ಲೇ ಎರಕ ಹೊಯ್ದ ಕಾಂಕ್ರೀಟ್ ಗೋಡೆ ಜೋಡಿಸಿ ಕಟ್ಟಿದ್ದು. ಅಂದ್ರೆ ಆ ಬೂದು ಫೋಟೋದ ಒಳಗೇ ಇದೀನಿ ಅನ್ನಿ. ಹಾಗಾಗಿ ಇಬ್ಬರೂ ನನ್ನನ್ನೇ ಸಾಕ್ಷಿಗೆ ಕರೀತಾರೆ.

ಈ ವಾದಕ್ಕೆ ರಷ್ಯಾ ಸರಿಯಾದ ಜಾಗ ಅಲ್ಲ ಅಂತ ನನಗನ್ಸುತ್ತೆ. ಅಲ್ಲಿ ಎಲ್ಲಾ ಕಲಸಿಹೋಗಿದೆ, ರಾಜರ ಕಾಲದ ಬಡತನ, ಎರಡೆರಡು ಮಹಾಯುದ್ಧ, ನಡುವೆ ಅಂತರ್ಯುದ್ಧ, ಹತ್ತು ಹದಿನೈದು ವರ್ಷದಲ್ಲಿ ಹಳ್ಳಿ ಜನ ಕೋಟಿಗಟ್ಟಲೆ ಪೇಟೆಗೆ ಬಂದು ತುಂಬ್ಕೊಂಡಿದ್ದು, ಇದರಲ್ಲಿ ಯಾವುದರಿಂದ ಯಾವುದಾಯ್ತು ಅಂತ ಬಿಡಿಸೋಕೇ ಆಗಲ್ಲ. ಪೂರ್ವ ಜರ್ಮನಿ ಹಾಗಲ್ಲ. ಒಂದೇ ಭಾಷೆ, ಒಂದೇ ಥರ ಓದಿದ ಇಂಜಿನಿಯರುಗಳು, ಒಂದೇ ಕಾಲದಲ್ಲಿ ಕಟ್ಟಿದ ಮನೆಗಳು, ಒಂದೇ ಯುದ್ಧದಲ್ಲಿ ಸೋತಿದ್ದು, ಆಮೇಲೆ ನಡುವೆ ಗೆರೆ ಎಳೆದು 1949ರಿಂದ 1990ರವರೆಗೆ ನಲವತ್ತೊಂದು ವರ್ಷ ಪೂರ್ವದ ಕಡೆ ಕಮ್ಯುನಿಸ್ಟ್ ಸರ್ಕಾರ, ಪಶ್ಚಿಮದ ಕಡೆ ಮಾರ್ಕೆಟ್ ನಂಬೋ ಸರ್ಕಾರ. ಯಾವ ಪ್ರೊಫೆಸರೂ ಕೇಳಿದ್ರೂ ಇಂಥ ಪ್ರಯೋಗ ಮಾಡೋಕೆ ಪರ್ಮಿಷನ್ ಸಿಗ್ತಿರಲಿಲ್ಲ, ಇತಿಹಾಸ ಯಾರನ್ನೂ ಕೇಳದೆ ಮಾಡಿಬಿಡ್ತು.

ಬಡತನ ಅಂದ್ರೆ ಏನು ಅನ್ನೋದನ್ನ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಇಲ್ಲೇ ನಮ್ಮವರು ಎಡವೋದು. ಪೂರ್ವ ಜರ್ಮನಿಯಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ಹಸಿವು ಇರಲಿಲ್ಲ. ಐದು ಫೆನಿಗ್‌ಗೆ ಒಂದು ಬನ್ನು ಸಿಗ್ತಿತ್ತು (ಫೆನಿಗ್ ಅಂದ್ರೆ ನಮ್ಮ ಪೈಸೆ ಥರ, ನೂರು ಸೇರಿದ್ರೆ ಒಂದು ಮಾರ್ಕು), ಆ ರೇಟು ಕೊನೇವರೆಗೂ ಬದಲಾಗಲೇ ಇಲ್ಲ, ಎಷ್ಟು ಅಗ್ಗ ಅಂದ್ರೆ ದನದ ಮೇವಿಗಿಂತ ಬ್ರೆಡ್ಡೇ ಸಸ್ತಾ ಅಂತ ಜನ ಮೊಲಕ್ಕೂ ಹಂದಿಗೂ ಬ್ರೆಡ್ ಹಾಕ್ತಿದ್ರು. ಎಲ್ಲರಿಗೂ ಕೆಲಸ ಇತ್ತು, ಕೈಯಲ್ಲಿ ಸಂಬಳನೂ ಇತ್ತು. ಇಲ್ಲದೇ ಇದ್ದದ್ದು ಆ ದುಡ್ಡಿಗೆ ಸಿಗೋ ಸಾಮಾನು. ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೇಲೆ ಕಾಯಬೇಕಿತ್ತು, ಮಕ್ಕಳಿಗೆ ಹದಿನೆಂಟು ತುಂಬ್ತಿದ್ದ ಹಾಗೇ ಹೆಸರು ಬರೆಸಿಡೋರು. ನಲ್ಲಿಗೆ ಒಂದು ವಾಷರ್ ಬೇಕು ಅಂದ್ರೆ ದುಡ್ಡಲ್ಲ ಮುಖ್ಯ, ಯಾರ ಪರಿಚಯ ಇದೆ ಅನ್ನೋದು ಮುಖ್ಯ. ನಮ್ಮ ಕಡೆ ಬಡವನಿಗೆ ಅಂಗಡಿ ತುಂಬಾ ಸಾಮಾನಿರುತ್ತೆ, ಜೇಬಲ್ಲಿ ಕಾಸಿರಲ್ಲ. ಅಲ್ಲಿ ಉಲ್ಟಾ. ಎರಡನ್ನೂ ಬಡತನ ಅಂತಲೇ ಕರೆಯೋದಾದ್ರೆ ಕರೀಬಹುದು, ಆದ್ರೆ ಕಾರಣ ಹುಡುಕೋವಾಗ ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಈಗ ಕಾಮ್ರೇಡ್ ಹೇಳೋದನ್ನ ಕೇಳಿ, ಅದರಲ್ಲಿ ಸತ್ಯ ಇದೆ. ಯುದ್ಧ ಮುಗಿದ ಮೇಲೆ ಸೋವಿಯತ್ ಸೇನೆ ಪೂರ್ವ ಜರ್ಮನಿಯ ಕಾರ್ಖಾನೆಗಳನ್ನ ಬೋಲ್ಟು ಬಿಚ್ಚಿ ರೈಲಿಗೆ ಹಾಕ್ಕೊಂಡು ಹೋಯ್ತು. ರೈಲಿನ ಹಳಿಯನ್ನೂ ಬಿಡಲಿಲ್ಲ, ಜೋಡಿ ಹಳಿ ಇದ್ದ ಕಡೆ ಎಷ್ಟೋ ಮಾರ್ಗದಲ್ಲಿ ಒಂದು ಹಳಿ ಕಿತ್ಕೊಂಡು ಹೋದ್ರು. ಹಿಟ್ಲರ್ ಸೈನ್ಯ ರಷ್ಯಾದಲ್ಲಿ ಮಾಡಿದ ನಾಶಕ್ಕೆ ಇದು ಪರಿಹಾರ ಅಂತ ಲೆಕ್ಕ, ಆದ್ರೆ ಆ ಪರಿಹಾರದ ದೊಡ್ಡ ಪಾಲು ಕಟ್ಟಿದ್ದು ಪೂರ್ವದ ಜನ. ಅದೇ ಹೊತ್ತಿಗೆ ಪಶ್ಚಿಮಕ್ಕೆ ಮಾರ್ಷಲ್ ಪ್ಲಾನ್ ಅಂತ ಅಮೆರಿಕದಿಂದ ಸುಮಾರು 140 ಕೋಟಿ ಡಾಲರ್ ಬಂತು. ಇದರ ಮೇಲೆ ಬರ್ಲಿನ್ ಗೋಡೆ ಏಳೋ ಮುಂಚೆ, ಅಂದ್ರೆ 1961ರ ಆಗಸ್ಟ್‌ವರೆಗೆ, 25 ಲಕ್ಷಕ್ಕೂ ಹೆಚ್ಚು ಜನ ಪೂರ್ವ ಬಿಟ್ಟು ಪಶ್ಚಿಮಕ್ಕೆ ಹೋದ್ರು, ಅದರಲ್ಲಿ ಡಾಕ್ಟರುಗಳು, ಇಂಜಿನಿಯರುಗಳು, ಚಿಕ್ಕ ವಯಸ್ಸಿನವರೇ ಜಾಸ್ತಿ. "ಹೀಗೆ ಕೈಕಾಲು ಕಟ್ಟಿ ಓಡಿಸಿ ಆಮೇಲೆ ಸೋತ ಅಂತ ನಗ್ತೀರಲ್ಲ ಮಾರಾಯ" ಅಂತಾನೆ ಕಾಮ್ರೇಡ್. 1955ರಲ್ಲಿ ನಿಂತು ಮಾತಾಡಿದ್ರೆ ಈ ವಾದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಆದ್ರೆ ಗೋರ್ಲಿಟ್ಸ್ ಅಂತ ಒಂದು ಊರಿದೆ.

ಪೋಲೆಂಡ್ ಗಡಿಗೆ ಅಂಟಿಕೊಂಡ ಊರು. ನೈಸೆ ನದಿಯ ಈ ದಂಡೆ ಜರ್ಮನಿ, 1945ರ ಮೇಲೆ ಆ ದಂಡೆ ಪೋಲೆಂಡಿಗೆ ಹೋಯ್ತು. ಯುದ್ಧದ ಕೊನೇ ದಿನಗಳಲ್ಲಿ ಹಿಂದೆ ಸರೀತಿದ್ದ ಜರ್ಮನ್ ಸೈನ್ಯವೇ ಸೇತುವೆಗಳನ್ನ ಉಡಾಯಿಸ್ತು, ಅದು ಬಿಟ್ರೆ ಊರಿಗೆ ಹೆಚ್ಚುಕಮ್ಮಿ ಏನೂ ಆಗಲಿಲ್ಲ. ಡ್ರೆಸ್ಡೆನ್ ಸುಟ್ಟು ಬೂದಿಯಾಯ್ತು, ಲೈಪ್‌ಜಿಗ್ ಮೇಲೆ ಬಾಂಬು ಬಿತ್ತು, ಗೋರ್ಲಿಟ್ಸ್ ಹಾಗೇ ನಿಂತಿತ್ತು. ಗೋಥಿಕ್ ಕಾಲದಿಂದ ಹಿಡಿದು ಇಪ್ಪತ್ತನೇ ಶತಮಾನದ ಶುರುವಿನವರೆಗಿನ ಕಟ್ಟಡ ಸಾವಿರಗಟ್ಟಲೆ, ಬೀದಿಗೆ ಬೀದಿನೇ. ಅಂಥ ಊರು 1989ರ ಹೊತ್ತಿಗೆ ಹೇಗಾಗಿತ್ತು ಅಂದ್ರೆ ಹಳೇ ಪೇಟೆಯ ಮನೆಗಳ ಚಾವಣಿ ಒಳಗೆ ಕುಸಿದಿತ್ತು, ಕಿಟಕಿಗೆ ಹಲಗೆ ಹೊಡೆದಿತ್ತು, ಗೋಡೆ ಗಾರೆ ಉದುರಿ ಇಟ್ಟಿಗೆ ಕಾಣ್ತಿತ್ತು, ಕೆಲವು ಸಾಲುಗಳನ್ನ ಕೆಡವಿಬಿಡೋಣ ಅನ್ನೋವರೆಗೂ ಬಂದಿತ್ತು. ಯಾವ ದೇಶದ ವಿಮಾನವೂ ಇದನ್ನ ಮಾಡಿಲ್ಲ. ರಷ್ಯನ್ನರು ಬಂದು ಹೆಂಚು ಬಿಚ್ಚಿಕೊಂಡು ಹೋಗಿಲ್ಲ. ಹಾಗಾದ್ರೆ ಯಾರು ಮಾಡಿದ್ದು? ಕಾಮ್ರೇಡ್ ಈ ಊರಿನ ಹೆಸರು ಬಂದಾಗ ಕಾಫಿ ತರ್ತೀನಿ ಅಂತ ಎದ್ದು ಹೋಗ್ತಾನೆ.

ಉತ್ತರ ನನ್ನ ಮಟ್ಟಿಗೆ ಬಾಡಿಗೆ ರಸೀದಿಯಲ್ಲಿದೆ. ಪೂರ್ವ ಜರ್ಮನಿಯ ಹಳೇ ಮನೆಗಳ ಬಾಡಿಗೆಯನ್ನ ಫಿಕ್ಸ್ ಮಾಡಿದ್ದು ಕಮ್ಯುನಿಸ್ಟರಲ್ಲ, ನಾಜಿಗಳು. 1936ರಲ್ಲಿ ಹಿಟ್ಲರ್ ಸರ್ಕಾರ ಯಾವ ಬೆಲೆಯೂ ಏರಕೂಡದು ಅಂತ ಹುಕುಂ ಹೊರಡಿಸ್ತು, ಬಾಡಿಗೆನೂ ಅದರೊಳಗೆ ಬಂತು, ಯುದ್ಧದ ತಯಾರಿ ನಡೀತಿತ್ತಲ್ಲ. ಹೊಸ ಸರ್ಕಾರ ನಾಜಿಗಳದ್ದು ಅಂತ ಬೀದಿ ಹೆಸರು ಬದಲಾಯಿಸ್ತು, ಪಠ್ಯಪುಸ್ತಕ ಬದಲಾಯಿಸ್ತು, ಪ್ರತಿಮೆ ಇಳಿಸ್ತು, ಆದ್ರೆ ಆ ಬಾಡಿಗೆ ಹುಕುಂ ಮಾತ್ರ ಹಾಗೇ ಇಟ್ಕೊಳ್ತು, ಒಂದು ದಿನದ ಮಟ್ಟಿಗಲ್ಲ, 1990ರವರೆಗೆ. ಚದರ ಮೀಟರಿಗೆ ಒಂದು ಮಾರ್ಕಿನ ಆಸುಪಾಸು. ಒಂದು ಸಂಸಾರದ ಸಂಬಳದಲ್ಲಿ ಬಾಡಿಗೆ ಅಂತ ಹೋಗ್ತಿದ್ದದ್ದು ನೂರಕ್ಕೆ ಐದು ರೂಪಾಯಿಗಿಂತ ಹೆಚ್ಚೇನಿಲ್ಲ. ಬೆಂಗಳೂರಲ್ಲಿ ಸಂಬಳದ ಮೂರನೇ ಒಂದು ಪಾಲು ಬಾಡಿಗೆಗೆ ಸುರಿಯೋರಿಗೆ ಇದು ಸ್ವರ್ಗ ಅನ್ಸುತ್ತೆ, ಅನ್ನಿಸಲಿ, ಆದ್ರೆ ಒಂದು ಚಾವಣಿ ಸೋರೋಕೆ ಶುರುವಾದ ಮೇಲೆ ಏನಾಗುತ್ತೆ ಅಂತ ನೋಡೋಣ.

ಹಳೇ ಮನೆ ಅಂದ್ರೆ ಇಲ್ಲಿ ನಾಲ್ಕೈದು ಮಹಡಿಯ ಕಟ್ಟಡ, ಮೇಲೆ ಇಳಿಜಾರು ಮಾಡು, ಮರದ ತೊಲೆ, ಹೆಂಚು. ಒಳಗೆ ಕಲ್ಲಿದ್ದಲು ಒಲೆ, ಟಾಯ್ಲೆಟ್ಟು ಎಷ್ಟೋ ಕಡೆ ಮನೆಯೊಳಗಲ್ಲ, ಮೆಟ್ಟಿಲ ಮಧ್ಯದ ತಿರುವಿನಲ್ಲಿ, ಎರಡು ಮೂರು ಮನೆಗೆ ಸೇರಿ ಒಂದು. ಮಾಡಿನಲ್ಲಿ ಹತ್ತು ಹೆಂಚು ಒಡೆದಿದೆ ಅಂತಿಟ್ಕೊಳ್ಳಿ. ಮಾಲೀಕನಿಗೆ ಬರೋ ಬಾಡಿಗೆಯಲ್ಲಿ ಟ್ಯಾಕ್ಸು, ಸಾಲದ ಬಡ್ಡಿ, ಚಿಮಣಿ ಗುಡಿಸೋನ ಕೂಲಿ ಕಳೆದ್ರೆ ಉಳಿಯೋದು ಸೊನ್ನೆ. ದುಡ್ಡಿದ್ರೂ ಹೆಂಚು ಸಿಗಲ್ಲ, ಹೆಂಚಿನ ಕಾರ್ಖಾನೆ ಸರ್ಕಾರ ಹಾಕಿಕೊಟ್ಟ ಪ್ಲಾನಿನ ಪ್ರಕಾರ ಬೇರೆ ಎಲ್ಲಿಗೋ ಕಳಿಸ್ತಿದೆ. ಹೆಂಚು ಸಿಕ್ಕಿದ್ರೂ ಹಾಕೋನು ಸಿಗಲ್ಲ, 1972ರಲ್ಲಿ ಸುಮಾರು 11,000 ಸಣ್ಣ ಮಧ್ಯಮ ಖಾಸಗಿ ಕಂಪನಿಗಳನ್ನ ಸರ್ಕಾರ ನುಂಗಿತ್ತು, ಉಳಿದ ಕೈಕಸುಬಿನವರು ಕೆಲಸ ಮುಗಿಸಿ ಸಂಜೆ ಮೇಲೆ ಗುಟ್ಟಾಗಿ ಬರೋರು, ಅದಕ್ಕೆ ಪಶ್ಚಿಮದ ಮಾರ್ಕು ಕೊಡಬೇಕಿತ್ತು. ಹೀಗೆ ಒಂದು ಚಳಿಗಾಲ ಹೋಗುತ್ತೆ. ಮೇಲಿನ ಮಹಡಿಯವರು ಬಕೆಟ್ಟು ಇಡ್ತಾರೆ. ಎರಡನೇ ಚಳಿಗಾಲಕ್ಕೆ ತೊಲೆ ಕೊಳೆಯುತ್ತೆ, ಮೇಲಿನವರು ಜಾಗ ಖಾಲಿ ಮಾಡ್ತಾರೆ, ಅಲ್ಲಿ ಒಲೆ ಹಚ್ಚೋರಿಲ್ಲ, ನೀರಿನ ಪೈಪು ಹಿಮಗಟ್ಟಿ ಒಡೆಯುತ್ತೆ, ಆ ನೀರು ಕೆಳಗಿನ ಮನೆಗೆ ಇಳಿಯುತ್ತೆ. ಆಮೇಲೆ ಅವರೂ ಹೋಗ್ತಾರೆ. ಮೇಲಿಂದ ಕೆಳಕ್ಕೆ ಒಂದೊಂದೇ ಮಹಡಿ ಖಾಲಿ ಮಾಡ್ಕೊಂಡು ಬರೋ ಈ ಕ್ರಮ ಎಷ್ಟು ಮಾಮೂಲಾಗಿತ್ತು ಅಂದ್ರೆ ಕೆಳಗಿನ ಎರಡು ಮಹಡಿಯಲ್ಲಿ ಮಾತ್ರ ಪರದೆ ಕಾಣೋ ಕಟ್ಟಡಗಳು ಲೈಪ್‌ಜಿಗ್‌ನಲ್ಲಿ ಬೀದಿಗೆ ನಾಲ್ಕೈದು. ಹತ್ತು ಹೆಂಚಿನಿಂದ ಶುರುವಾಗಿದ್ದು.

ಎಷ್ಟೋ ಮಾಲೀಕರು ಕೊನೆಗೆ ಮನೆಯನ್ನೇ ಸರ್ಕಾರಕ್ಕೆ ಬರೆದುಕೊಟ್ಟು ಕೈ ತೊಳೆದ್ರು. ಪುಕ್ಕಟೆಗೆ. ಆಸ್ತಿ ಕಿತ್ಕೊಂಡ್ರು ಅಂತ ನಮ್ಮ ದೊಡ್ಡಪ್ಪನ ಮಗ ಹೇಳ್ತಾನಲ್ಲ, ಅದೂ ನಡೆದಿದೆ, ಇಲ್ಲ ಅನ್ನಲ್ಲ, ಆದ್ರೆ ಬೇಕಾದಷ್ಟು ಕಡೆ ಕಿತ್ಕೊಳ್ಳೋ ತೊಂದರೆನೇ ಬೇಕಾಗಲಿಲ್ಲ, ಆಸ್ತಿ ಅನ್ನೋದು ತಲೆನೋವಾಗಿ ಓನರ್ರೇ ತಗೊಳ್ರಪ್ಪಾ ಅಂದ್ರು. ತಗೊಂಡ ಮುನಿಸಿಪಾಲಿಟಿ ವಸತಿ ಇಲಾಖೆಗೂ ಅದೇ ಬಾಡಿಗೆ, ಅದೇ ಇಲ್ಲದ ಹೆಂಚು. ಅಂದ್ರೆ ಮಾಲೀಕ ಖಾಸಗಿಯವನೋ ಸರ್ಕಾರವೋ ಅನ್ನೋದರಿಂದ ಆ ಮಾಡಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಇಬ್ಬರ ಪೈಪೋಟಿ ವಾದದಲ್ಲಿ ಈ ಪಾಯಿಂಟು ಯಾರಿಗೂ ಬೇಡ.

ಹಾಗಂತ ಆ ಸರ್ಕಾರ ಮನೆ ಕಟ್ಟಲಿಲ್ಲವಾ? ಕಟ್ತು, ಹುಚ್ಚು ಹಿಡಿದವರ ಹಾಗೆ ಕಟ್ತು. 1971ರಲ್ಲಿ ಪಾರ್ಟಿ ನಾಯಕನಾಗಿ ಹೋನೆಕರ್ ಅಧಿಕಾರಕ್ಕೆ ಬಂದ, 1973ರಲ್ಲಿ ದೊಡ್ಡ ವಸತಿ ಯೋಜನೆ ಘೋಷಣೆ ಆಯ್ತು, 1990ಕ್ಕೆ ಮನೆ ಸಮಸ್ಯೆ ಅನ್ನೋದೇ ಇರಬಾರದು ಅಂತ ಗುರಿ. ಕಾರ್ಖಾನೆಯಲ್ಲಿ ಗೋಡೆಗೋಡೆನೇ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಲ್ಲಿ ಎತ್ತಿ ಜೋಡಿಸೋದು. ಗ್ರೂನೌಗೆ 1976ರಲ್ಲಿ ಶಂಕುಸ್ಥಾಪನೆ, ಬರ್ಲಿನ್ನಿನ ಮಾರ್ಜಾನ್ 1977ರಿಂದ, ಹಾಲೆ ಅನ್ನೋ ಊರಿನ ಪಕ್ಕದಲ್ಲಂತೂ ಕೆಮಿಕಲ್ ಕಾರ್ಖಾನೆ ಕೆಲಸಗಾರರಿಗೆ ಅಂತ 1964ರಿಂದಲೇ ಒಂದು ಹೊಸ ಪಟ್ಟಣ. ಗ್ರೂನೌನಲ್ಲಿ ಒಂದು ಕಾಲಕ್ಕೆ 80,000ಕ್ಕೂ ಹೆಚ್ಚು ಜನ ಇದ್ರು. ನಮ್ಮ ಕಟ್ಟಡದಲ್ಲಿ ಮೊದಲಿಂದ ಇರೋ ಅಜ್ಜಿಯೊಬ್ಬರು ಇಲ್ಲಿಗೆ ಬಂದ ದಿನದ ಕಥೆ ಹೇಳೋವಾಗ ಮುಖ ಅರಳುತ್ತೆ. ಅಲ್ಲಿಯವರೆಗೆ ಅವರು ಎರಡು ಮಕ್ಕಳನ್ನ ಕಟ್ಕೊಂಡು ಅತ್ತೆ ಮನೆಯ ಒಂದು ರೂಮಿನಲ್ಲಿ, ನೆಲಮಾಳಿಗೆಯಿಂದ ಕಲ್ಲಿದ್ದಲು ಹೊತ್ತು. ಇಲ್ಲಿಗೆ ಬಂದು ನಲ್ಲಿ ತಿರುಗಿಸಿದ್ರೆ ಬಿಸಿನೀರು. ಮನೆಯೊಳಗೇ ಬಾತ್‌ರೂಮು, ಚಳಿಗಾಲದಲ್ಲೂ ಇಡೀ ಮನೆ ಬೆಚ್ಚಗೆ. ಸುತ್ತ ಕೆಸರು, ಪಾದಚಾರಿ ದಾರಿ ಇನ್ನೂ ಹಾಕಿಲ್ಲ, ಅಂಗಡಿ ಇಲ್ಲ, ಪರವಾಗಿಲ್ಲ. ನಮ್ಮ ದೊಡ್ಡಪ್ಪನ ಮಗ ತೋರಿಸೋ ಬೂದು ಫೋಟೋದಲ್ಲಿ ಆ ಬಿಸಿನೀರು ಕಾಣಲ್ಲ. ಅವತ್ತಿನ ಪೂರ್ವ ಜರ್ಮನಿಯಲ್ಲಿ ಅದು ಕೆಟ್ಟ ಮನೆ ಅಲ್ಲ, ಅದೇ ಒಳ್ಳೆ ಮನೆ. ಕೆಟ್ಟ ಮನೆ ಅಂದ್ರೆ ಇವತ್ತು ಟೂರಿಸ್ಟುಗಳು ಫೋಟೋ ತೆಗೆಯೋ ಆ ಚಂದದ ಹಳೇ ಕಟ್ಟಡಗಳು.

ಈ ಕಟ್ಟೋ ಯಂತ್ರ ಯಾಕೆ ರಿಪೇರಿ ಮಾಡಲಿಲ್ಲ ಅನ್ನೋದೇ ನನಗೆ ಇಡೀ ಕಥೆಯ ಮುಖ್ಯ ಗಂಟು. ಪ್ಲಾನ್ ಅಂದ್ರೆ ಎಣಿಕೆ. ಮೇಲಿನವರು ಕೆಳಗಿನವರನ್ನ ಕೇಳೋದು ಈ ವರ್ಷ ಎಷ್ಟು ಫ್ಲ್ಯಾಟು ಅಂತ. ಹೊಸ ಫ್ಲ್ಯಾಟು ಎಣಿಸಬಹುದು, ಕೀ ಕೊಡಬಹುದು, ಬ್ಯಾಂಡು ಬಾರಿಸಬಹುದು, ಪೇಪರಲ್ಲಿ ಫೋಟೋ ಹಾಕಬಹುದು. 1988ರ ಅಕ್ಟೋಬರಲ್ಲಿ ಹೋನೆಕರ್ ಹಾಗೇ ಮೂವತ್ತು ಲಕ್ಷದನೇ ಮನೆಯ ಕೀ ಕೊಟ್ಟ, ಆ ಲೆಕ್ಕದಲ್ಲಿ ಹೊಸದು ಮಾತ್ರ ಅಲ್ಲ, ಹಳೇದನ್ನ ಅಷ್ಟಿಷ್ಟು ಸರಿಪಡಿಸಿದ್ದೂ ಸೇರಿತ್ತು, ಇರಲಿ. ಆದ್ರೆ ಸೋರದೇ ಉಳಿದ ಮಾಡನ್ನ ಹೇಗೆ ಎಣಿಸ್ತೀರಿ? ಈ ವರ್ಷ ನಮ್ಮ ಜಿಲ್ಲೆಯಲ್ಲಿ ಇಷ್ಟು ಮನೆ ಬೀಳಲಿಲ್ಲ ಅಂತ ರಿಪೋರ್ಟು ಬರೆದ್ರೆ ಯಾವ ಮಂತ್ರಿ ಬಂದು ರಿಬ್ಬನ್ ಕಟ್ ಮಾಡ್ತಾನೆ? ಮೇಲಾಗಿ ಪ್ಯಾನೆಲ್ ಕಾರ್ಖಾನೆಗೆ ಖಾಲಿ ಬಯಲು ಬೇಕು, ಕ್ರೇನು ಓಡಾಡೋಕೆ ಹಳಿ ಹಾಕಬೇಕು, ಐನೂರು ವರ್ಷದ ಹಳೇ ಓಣಿಯೊಳಗೆ ಅದು ನುಗ್ಗಲ್ಲ. ಹೆಂಚು, ದೋಣಿಪೈಪು, ಬಡಗಿ, ಗಾರೆ ಕೆಲಸದವನು, ಇವೆಲ್ಲ ಸಣ್ಣ ಸಣ್ಣ ಬಾಬತ್ತು, ಒಂದೊಂದು ಮನೆಗೆ ಒಂದೊಂದು ಥರ. ದೊಡ್ಡದನ್ನ ಸಾವಿರ ಸಲ ಒಂದೇ ಥರ ಮಾಡೋದರಲ್ಲಿ ಆ ವ್ಯವಸ್ಥೆ ಪಳಗಿತ್ತು, ಚಿಕ್ಕದನ್ನ ಸಾವಿರ ಥರ ಮಾಡೋಕೆ ಅದಕ್ಕೆ ಬರ್ತಿರಲಿಲ್ಲ. ಇರೋ ಅಷ್ಟು ಗಾರೆಯವರನ್ನೂ 1987ರಲ್ಲಿ ಬರ್ಲಿನ್ನಿಗೆ 750 ವರ್ಷದ ಹಬ್ಬ ಅಂತ ಜಿಲ್ಲೆಜಿಲ್ಲೆಯಿಂದ ರಾಜಧಾನಿಗೆ ಕರೆಸ್ಕೊಂಡ್ರು. ಲೈಪ್‌ಜಿಗ್ ಹಳಬರು ಇದನ್ನ ಇವತ್ತಿಗೂ ಮರೆತಿಲ್ಲ, ಬರ್ಲಿನ್ ಅಂದ್ರೆ ಒಂಥರಾ ಮೂಗು ಮುರೀತಾರೆ.

ಇದೆಲ್ಲ ನಾನು ಕೂತು ಕಟ್ಟಿದ ಥಿಯರಿ ಅಲ್ಲ. 1989ರ ಅಕ್ಟೋಬರಲ್ಲಿ ಹೋನೆಕರ್‌ನ ಇಳಿಸಿದ ಮೇಲೆ ಹೊಸ ನಾಯಕ ಎಗಾನ್ ಕ್ರೆನ್ಸ್ ನಿಜವಾದ ಪರಿಸ್ಥಿತಿ ಏನು ಅಂತ ಬರೆದುಕೊಡಿ ಅಂದ. ಬರೆದದ್ದು ಗೆರ್ಹಾರ್ಡ್ ಶೂರರ್, ಇಪ್ಪತ್ತಕ್ಕೂ ಹೆಚ್ಚು ವರ್ಷ ಯೋಜನಾ ಆಯೋಗದ ಮುಖ್ಯಸ್ಥನಾಗಿದ್ದವನು, ಮತ್ತೆ ಅವನ ಜೊತೆಯವರು. ಪಾರ್ಟಿಯ ಒಳಗಿನವರಿಗೆ ಮಾತ್ರ ಅಂತ ಬರೆದ ಗುಟ್ಟಿನ ಕಾಗದ ಅದು. ಹೊರದೇಶದ ಸಾಲ ಇನ್ನು ಏರಬಾರದು ಅಂದ್ರೆ 1990ರಲ್ಲಿ ಜನರ ಜೀವನಮಟ್ಟ ನೂರಕ್ಕೆ 25ರಿಂದ 30ರಷ್ಟು ಇಳಿಸಬೇಕಾಗುತ್ತೆ ಅನ್ನೋ ಸಾಲು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಮನೆಗಳ ಬಗ್ಗೆ ಇರೋ ಭಾಗ. ಹೊಸ ಮನೆ ಕಟ್ಟಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಒಳ್ಳೆ ವಸತಿ ಕೊಟ್ಟಿದೀವಿ ಅಂತ ಹೆಮ್ಮೆಯಿಂದ ಶುರು ಮಾಡಿ, ದುಡ್ಡೆಲ್ಲ ಅದಕ್ಕೇ ಹೋಗಿದ್ದರಿಂದ ತುರ್ತು ರಿಪೇರಿಗಳೇ ಆಗಲಿಲ್ಲ, ಲೈಪ್‌ಜಿಗ್‌ನಂಥ ಊರಲ್ಲಿ, ಅದರಲ್ಲೂ ಗೋರ್ಲಿಟ್ಸ್‌ನಂಥ ಮಧ್ಯಮ ಊರುಗಳಲ್ಲಿ ಸಾವಿರಾರು ಮನೆ ವಾಸಕ್ಕೆ ಯೋಗ್ಯ ಇಲ್ಲ ಅಂತ ಒಪ್ಕೊಂಡಿದಾರೆ. ಅಮೆರಿಕದ ಯಾವ ಪ್ರಚಾರದ ರೇಡಿಯೋನೂ ಅಲ್ಲ, ಪ್ಲಾನ್ ಮಾಡಿದವನೇ. ಹತ್ತು ದಿನದಲ್ಲಿ ಗೋಡೆ ಬಿತ್ತು, ಆ ಕಾಗದಕ್ಕೆ ಏನು ಮಾಡಬೇಕು ಅಂತ ಯೋಚಿಸೋಕೂ ಟೈಮ್ ಇರಲಿಲ್ಲ.

ಬಾಡಿಗೆ ಸ್ವಲ್ಪ ಏರಿಸಿದ್ರೆ ಆಗ್ತಿತ್ತಲ್ವಾ ಅಂತ ಕೇಳಬಹುದು. ಸರ್ವಾಧಿಕಾರ ತಾನೇ, ಯಾರು ಕೇಳೋರು? ಇಲ್ಲೇ ನೋಡಿ ತಮಾಷೆ. 1953ರ ಜೂನ್ 17ರ ದಂಗೆ ಶುರುವಾಗಿದ್ದು ಎಲ್ಲಿಂದ ಅಂದ್ರೆ ಬರ್ಲಿನ್ನಿನ ಸ್ಟಾಲಿನ್ ಹೆಸರಿನ ರಸ್ತೆಯಲ್ಲಿ ಕಾರ್ಮಿಕರಿಗೆ ಅಂತ ಅರಮನೆ ಥರದ ಮನೆ ಕಟ್ತಿದ್ದ ಗಾರೆ ಕೆಲಸದವರಿಂದಲೇ. ಅದೇ ಸಂಬಳಕ್ಕೆ ನೂರಕ್ಕೆ ಹತ್ತು ಜಾಸ್ತಿ ಕೆಲಸ ಮಾಡಿ ಅಂದಿದ್ದಕ್ಕೆ ಸುತ್ತಿಗೆ ಕೆಳಗಿಟ್ಟು ಬೀದಿಗೆ ಬಂದ್ರು, ಸೋವಿಯತ್ ಟ್ಯಾಂಕು ತಂದು ಅಡಗಿಸಬೇಕಾಯ್ತು. ಪಕ್ಕದ ಪೋಲೆಂಡಿನಲ್ಲಿ 1970ರ ಡಿಸೆಂಬರಲ್ಲಿ ಊಟದ ಸಾಮಾನಿನ ಬೆಲೆ ಏರಿಸಿದ್ದಕ್ಕೆ ಗ್ದಾನ್ಸ್ಕ್ ಹೊತ್ತಿ ಉರೀತು, ಪಾರ್ಟಿ ನಾಯಕ ಕುರ್ಚಿ ಕಳ್ಕೊಂಡ, 1976ರಲ್ಲಿ ಮತ್ತೆ, 1980ರಲ್ಲಿ ಮತ್ತೆ. ಹೋನೆಕರ್ ಇದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದವನು. ದೇಶದ ಸುತ್ತ ಗೋಡೆ ಕಟ್ಟಿ ದಾಟೋರಿಗೆ ಗುಂಡು ಹಾರಿಸೋಕೆ ಅಂಜದ ಸರ್ಕಾರ ಬನ್ನಿನ ಬೆಲೆ ಆರು ಫೆನಿಗ್ ಮಾಡೋಕೆ ಅಂಜ್ತು. ಓಟಿಲ್ಲದ ದೇಶದಲ್ಲಿ ಆ ಬನ್ನು, ಆ ಬಾಡಿಗೆ, ಅದೇ ಜನರ ಜೊತೆ ಮಾಡ್ಕೊಂಡ ಕರಾರು. ನಿಮಗೆ ಮಾತಾಡೋ ಹಕ್ಕು ಕೊಡಲ್ಲ, ಬೆಲೆನೂ ಏರಿಸಲ್ಲ.

ಇಲ್ಲಿಯವರೆಗೆ ನಮ್ಮ ದೊಡ್ಡಪ್ಪನ ಮಗ ತಲೆ ಆಡಿಸ್ತಾ ಇರ್ತಾನೆ. "ನೋಡಿದ್ಯಾ, ನಾನು ಹೇಳಿದ್ದೇ ಅಲ್ವೇನೋ, ಕಮ್ಯುನಿಸಂ ಅಂದ್ರೆ ಹೀಗೇ." ಆಗ ನಾನು ಮುಂಬೈ ತೆಗೀತೀನಿ.

ನಮ್ಮ ಸಂಬಂಧಿಕರೊಬ್ಬರು ಗಿರ್‌ಗಾಂವ್ ಕಡೆ ಹೋಟೆಲ್ ಕೆಲಸಕ್ಕೆ ಅಂತ ಹೋಗಿ ಅಲ್ಲೇ ಚಾಳಿನಲ್ಲಿ ನೆಲೆ ನಿಂತವರು, ಕರಾವಳಿಯ ಎಷ್ಟೋ ಮನೆತನಗಳಿಗೆ ಇದು ಹೊಸ ಕಥೆ ಅಲ್ಲ. ಆ ಚಾಳಿನ ಬಾಡಿಗೆ ಕೇಳಿದ್ರೆ ನಗು ಬರ್ತಿತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನ 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕ್ತು. ತಾತ್ಕಾಲಿಕ ಅಂತ ತಂದದ್ದನ್ನ ಮತ್ತೆ ಮತ್ತೆ ಮುಂದುವರಿಸ್ತಾ ಹೋದ್ರು, 1999ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಹಳೇ ಬಾಡಿಗೆದಾರರ ಬಾಡಿಗೆ ಅಷ್ಟೇನೂ ಏರಲಿಲ್ಲ. ಆಮೇಲೆ ಆಗಿದ್ದೆಲ್ಲ ಮೇಲೆ ಹೇಳಿದ್ದೇ, ಹೆಂಚಿನ ಬದಲು ಮರದ ತೊಲೆಗೆ ಆನಿಸಿದ ಕಬ್ಬಿಣದ ಟೇಕು, ಹಿಮದ ಬದಲು ಮಳೆ. ಓನರ್ ರಿಪೇರಿ ಬಿಟ್ಟ. ಸರ್ಕಾರ ಸೆಸ್ ಹಾಕಿ ರಿಪೇರಿ ಬೋರ್ಡು ಮಾಡ್ತು, 19,000ಕ್ಕೂ ಹೆಚ್ಚು ಕಟ್ಟಡ ಅದರ ಪಟ್ಟಿಗೆ ಬಂದ್ವು, ಪ್ರತಿ ಮಳೆಗಾಲಕ್ಕೆ ಮುಂಚೆ ಅಪಾಯದ ಕಟ್ಟಡಗಳ ಲಿಸ್ಟು ಬರೋದು, ಆಮೇಲೆ ಯಾವುದೋ ಒಂದು ಬೀಳೋದು. 1997ರಲ್ಲಿ ಸುಪ್ರೀಂ ಕೋರ್ಟು ಈ ಬಾಡಿಗೆ ಕಟ್ಟು ಈಗ ನ್ಯಾಯಸಮ್ಮತ ಅಲ್ಲ ಅಂತ ಹೇಳಿದ ಕೇಸಿನ ಹೆಸರಲ್ಲೇ ನಮ್ಮ ಮಲ್ಪೆ ಇದೆ. ಮುಂಬೈಯಲ್ಲಿ ಷೇರು ಮಾರ್ಕೆಟ್ಟಿದೆ, ಓಟಿದೆ, ಪೇಪರಿದೆ, ಕೋರ್ಟಿದೆ, ಕಮ್ಯುನಿಸ್ಟ್ ಸರ್ಕಾರ ಒಂದು ದಿನಕ್ಕೂ ಇರಲಿಲ್ಲ. ಆದ್ರೂ ತೊಲೆ ಕೊಳೀತು. ಓಟು ಹಾಕೋರಲ್ಲಿ ಬಾಡಿಗೆದಾರರೇ ಜಾಸ್ತಿ, ಯಾವ ಶಾಸಕ ಮುಟ್ತಾನೆ?

ಇದಕ್ಕೆ ದೊಡ್ಡಪ್ಪನ ಮಗನ ಉತ್ತರ ಅಂದ್ರೆ "ಹಾಗಾದ್ರೆ ಅದೂ ಸೋಷಿಯಲಿಸಮ್ಮೇ ಬಿಡು". ಬೇಡದ್ದನ್ನೆಲ್ಲ ಎದುರಾಳಿ ಖಾತೆಗೆ ಬರೆಯೋದಾದ್ರೆ ವಾದ ಮಾಡೋದೇ ದಂಡ. ಸಿಂಗಾಪುರ ತಗೊಳ್ಳಿ, ಅವನಿಗೆ ಬಹಳ ಇಷ್ಟದ ದೇಶ. ಅಲ್ಲಿ ಹತ್ತರಲ್ಲಿ ಏಳೆಂಟು ಜನ ಇರೋದು ಸರ್ಕಾರ ಕಟ್ಟಿದ ಫ್ಲ್ಯಾಟಿನಲ್ಲಿ, ಭೂಮಿ ಬಹುಪಾಲು ಸರ್ಕಾರದ್ದು, ಬ್ಲಾಕುಗಳು ನೋಡೋಕೆ ಗ್ರೂನೌ ಥರನೇ ಇವೆ. ಬೀಳ್ತಿಲ್ಲ ಯಾಕೆ? ಪ್ರತಿ ಮನೆಯಿಂದ ತಿಂಗಳಾ ತಗೊಳ್ಳೋ ಚಾರ್ಜಿನಲ್ಲಿ ಒಂದು ಪಾಲನ್ನ ಮುಂದೆ ಲಿಫ್ಟು ಬದಲಾಯಿಸೋಕೆ, ಚಾವಣಿ ಸರಿಮಾಡೋಕೆ ಅಂತ ತೆಗೆದಿಡಲೇಬೇಕು ಅಂತ ಕಾನೂನು ಇದೆ. ಬೋರು ಹೊಡೆಸೋ ಉತ್ತರ, ಗೊತ್ತು.

ಪಶ್ಚಿಮ ಜರ್ಮನಿ ಕೂಡ ಯುದ್ಧ ಮುಗಿದ ಕೂಡಲೇ ಬಾಡಿಗೆ ಬಿಟ್ಟುಬಿಡಲಿಲ್ಲ, ಇದನ್ನ ಮಾರ್ಕೆಟ್ ಭಕ್ತರು ಹೇಳಲ್ಲ. ಯುದ್ಧ ಸೋತ ಮೇಲೆ ಪೋಲೆಂಡು, ಚೆಕೊಸ್ಲೊವಾಕಿಯಾದಂಥ ಕಡೆಗಳಿಂದ ಓಡಿಬಂದ ಸುಮಾರು 80 ಲಕ್ಷ ಜರ್ಮನ್ ನಿರಾಶ್ರಿತರನ್ನ ಅಲ್ಲಿ ಮನೆಮನೆಗೆ ಹಂಚಿದ್ರು, ಹಳೇ ಮನೆಗೆ ಬಾಡಿಗೆ ಮಿತಿ ಹಾಗೇ ಇತ್ತು, 1950ರ ಕಾನೂನಿನಿಂದ ಸರ್ಕಾರದ ದುಡ್ಡಿನಲ್ಲಿ ಲಕ್ಷಗಟ್ಟಲೆ ಮನೆ ಕಟ್ಟಿದ್ರು. 1960ರಲ್ಲಿ ಕಾನೂನು ಮಾಡಿ ಮುಂದೆ ಒಂದೊಂದೇ ಜಿಲ್ಲೆಯಲ್ಲಿ ಮಿತಿ ಸಡಿಲಿಸ್ತಾ ಬಂದು, ಕಟ್ಟೋಕಾಗದ ಸಂಸಾರಗಳಿಗೆ ನೇರವಾಗಿ ಬಾಡಿಗೆ ಸಹಾಯಧನ ಅಂತ 1965ರಲ್ಲಿ ಕಾಯ್ದೆ ಮಾಡಿದ್ರು. ಅಂದ್ರೆ ಮನೆಯ ಬೆಲೆಯನ್ನ ಹಿಡಿದು ನಿಲ್ಲಿಸೋ ಬದಲು ಮನುಷ್ಯನ ಕೈಗೆ ದುಡ್ಡು ಕೊಟ್ರು. ಪೂರ್ವದವರಿಗೂ ಇದನ್ನ ಮಾಡೋಕೆ ಯಾವ ಮಾರ್ಕ್ಸೂ ಅಡ್ಡ ಬರ್ತಿರಲಿಲ್ಲ ಅಂತ ನನ್ನ ಅನಿಸಿಕೆ, ಅಡ್ಡ ಬಂದದ್ದು 1953ರ ನೆನಪು. ಮತ್ತೆ, ಪಶ್ಚಿಮದಲ್ಲಿ ಮನೆ ಸೋರಿದ್ರೆ ಪೇಪರಿಗೆ ಬರೀಬಹುದಿತ್ತು, ಬಾಡಿಗೆದಾರರ ಸಂಘ ಇತ್ತು, ಪೂರ್ವದಲ್ಲಿ ಒಬ್ಬೊಬ್ಬರೇ ಸರ್ಕಾರಕ್ಕೆ ಮನವಿ ಪತ್ರ ಬರೀಬೇಕಿತ್ತು. ಬರೆದ್ರು ಕೂಡ, ಲಕ್ಷಗಟ್ಟಲೆ, ಮನೆ ವಿಷಯಕ್ಕೇ ಅತಿ ಹೆಚ್ಚು. ಉತ್ತರ ಬರ್ತಿತ್ತು, ಹೆಂಚು ಬರ್ತಿರಲಿಲ್ಲ. ಲೈಪ್‌ಜಿಗ್‌ನ ಪಾಳುಬಿದ್ದ ಬೀದಿಗಳನ್ನ ಪೂರ್ವ ಜರ್ಮನಿಯ ಟಿವಿ ಮೊದಲ ಸಲ ನೆಟ್ಟಗೆ ತೋರಿಸಿದ್ದು 1989ರ ನವೆಂಬರಲ್ಲಿ, ಗೋಡೆ ಬೀಳೋ ಮೂರು ದಿನ ಮುಂಚೆ.

ಸೂರು ಎಲ್ಲರಿಗೂ ಇತ್ತು ಅನ್ನೋ ಕಾಮ್ರೇಡನ ಮಾತಿಗೂ ಒಂದು ತಿದ್ದುಪಡಿ ಬೇಕು. ಎಂಬತ್ತರ ದಶಕದಲ್ಲಿ ವಿಯೆಟ್ನಾಂನಿಂದ ಕರಾರಿನ ಮೇಲೆ ಕೆಲಸಕ್ಕೆ ಬಂದವರು ಗೋಡೆ ಬೀಳೋ ಹೊತ್ತಿಗೆ ಸುಮಾರು 60,000 ಜನ ಇದ್ರು, ಮೊಜಾಂಬಿಕ್‌ನವರೂ ಇದ್ರು. ಅವರಿಗೆ ಹಾಸ್ಟೆಲ್ಲು, ತಲೆಗೆ ಐದು ಚದರ ಮೀಟರ್ ಜಾಗ, ಹೋಗಿಬರೋರ ಲೆಕ್ಕ ಬಾಗಿಲಲ್ಲೇ. ಹೆಂಗಸು ಬಸುರಾದ್ರೆ ತೆಗೆಸ್ಕೋ, ಇಲ್ಲಾ ಊರಿಗೆ ಹೋಗು. ಸಹೋದರ ದೇಶ ಅಂತ ಭಾಷಣದಲ್ಲಿ ಕರೀತಿದ್ದ ದೇಶದ ಕಾರ್ಮಿಕರಿಗೆ ಈ ಗತಿ. ಗಲ್ಫಿನ ಲೇಬರ್ ಕ್ಯಾಂಪು ನೋಡಿದವರು ಯಾರಾದ್ರೂ ಓದ್ತಿದ್ರೆ ಅವರಿಗೆ ವಿವರಿಸಬೇಕಾಗಿಲ್ಲ.

ಗೋಡೆ ಬಿದ್ದ ಮೇಲಿನ ಕಥೆಯನ್ನ ಬೇಗ ಮುಗಿಸ್ತೀನಿ, ಅದೇ ಬೇರೆ ಬರಹ ಆಗುತ್ತೆ. ತೆರಿಗೆ ವಿನಾಯಿತಿ ಕೊಟ್ಟಿದ್ದಕ್ಕೆ ಪಶ್ಚಿಮದ ದುಡ್ಡು ಹರಿದು ಬಂತು, ಹತ್ತು ಹದಿನೈದು ವರ್ಷದಲ್ಲಿ ಲೈಪ್‌ಜಿಗ್ ಗೋರ್ಲಿಟ್ಸ್ ಎರಡೂ ಮದುವೆಮನೆ ಥರ ಸಿಂಗಾರಗೊಂಡ್ವು, ಗೋರ್ಲಿಟ್ಸಿಗೆ ಯಾರೋ ಹೆಸರು ಹೇಳದ ದಾನಿ 1995ರಿಂದ ವರ್ಷವರ್ಷ ಹತ್ತು ಲಕ್ಷ ಮಾರ್ಕು ಕಳಿಸ್ತಾ ಇದ್ರು, ಇಪ್ಪತ್ತಕ್ಕೂ ಹೆಚ್ಚು ವರ್ಷ. ಆದ್ರೆ ಕಾರ್ಖಾನೆಗಳು ಮುಚ್ಚಿ ಕೆಲಸ ಹೋಗಿತ್ತು, ಜನ ಪಶ್ಚಿಮಕ್ಕೆ ಹೋದ್ರು. 2000ದ ಹೊತ್ತಿಗೆ ಪೂರ್ವದಲ್ಲಿ ಸುಮಾರು ಹತ್ತು ಲಕ್ಷ ಫ್ಲ್ಯಾಟು ಖಾಲಿ, ಸರ್ಕಾರದ ಖರ್ಚಿನಲ್ಲೇ ಕೆಡವಿದ್ರು, ಗ್ರೂನೌನಲ್ಲೂ ನಮ್ಮ ಬ್ಲಾಕಿನ ಆಚೆ ಹುಲ್ಲುಹಾಸು ಇರೋ ಜಾಗದಲ್ಲಿ ಒಂದು ಉದ್ದದ ಕಟ್ಟಡ ಇತ್ತಂತೆ. ಮನೆ ಇದೆ ಜನ ಇಲ್ಲ. ಈಗ ಮತ್ತೆ ಜನ ಬಂದಿದಾರೆ, ಲೈಪ್‌ಜಿಗ್ 6 ಲಕ್ಷ ದಾಟಿದೆ, ಬಾಡಿಗೆ ಏರ್ತಿದೆ, ನನ್ನಂಥವರು ಬಂದದ್ದೂ ಅದಕ್ಕೊಂದು ಕಾರಣ ಅಂತ ಅಜ್ಜಿ ಮುಖದ ಮೇಲೇ ಹೇಳ್ತಾರೆ. 2006ರಲ್ಲಿ ಡ್ರೆಸ್ಡೆನ್ ನಗರ ತನ್ನ ಹತ್ರ ಇದ್ದ ಸುಮಾರು 48,000 ಮನೆಗಳನ್ನ ಅಮೆರಿಕದ ಹೂಡಿಕೆ ಕಂಪನಿಗೆ ಒಂದೇ ಏಟಿಗೆ ಮಾರಿ ಸಾಲ ತೀರಿಸ್ಕೊಳ್ತು, ಆಮೇಲೆ ನಗರಕ್ಕೇ ಅಂತ ಹೊಸದಾಗಿ ಮನೆ ಕಂಪನಿ ಶುರು ಮಾಡಬೇಕಾಯ್ತು.

ಕಾಮ್ರೇಡ್ ಈಗ ಹಿಡಿದಿರೋದು ಬರ್ಲಿನ್ನಿನ ಓಟನ್ನ. 2021ರ ಸೆಪ್ಟೆಂಬರಲ್ಲಿ ಅಲ್ಲಿ ಜನಮತ ನಡೀತು, 3,000ಕ್ಕಿಂತ ಹೆಚ್ಚು ಫ್ಲ್ಯಾಟು ಇರೋ ಕಂಪನಿಗಳಿಂದ ಮನೆಗಳನ್ನ ಸಾರ್ವಜನಿಕ ಒಡೆತನಕ್ಕೆ ತಗೋಬೇಕು ಅಂತ ನೂರಕ್ಕೆ 59 ಜನ ಹೌದು ಅಂದ್ರು. ಸರ್ಕಾರ ಮಾಡಲೇಬೇಕು ಅಂತೇನಿಲ್ಲ ಆ ಓಟಿನಿಂದ, ಕಮಿಟಿ ಮೇಲೆ ಕಮಿಟಿ ಆಯ್ತು, ಮನೆಗಳು ಇನ್ನೂ ಕಂಪನಿಗಳ ಹತ್ರನೇ ಇವೆ. ಹೋದ ಸಲ ಸಿಕ್ಕಾಗ "ನೀನಿದ್ದಿದ್ರೆ ಯಾವ ಕಡೆ ಓಟು ಹಾಕ್ತಿದ್ದೆ, ನೆಟ್ಟಗೆ ಹೇಳು ಮಾರಾಯ" ಅಂದ. ತಗೊಳ್ಳೋದರ ಬಗ್ಗೆ ನನಗೆ ಅಂಥ ತಕರಾರಿಲ್ಲ ಅಂದೆ, ತಗೊಂಡ ಮೇಲೆ ಬಾಡಿಗೆಯಲ್ಲಿ ಚದರ ಮೀಟರಿಗೆ ಎಷ್ಟು ರಿಪೇರಿಗೆ ಅಂತ ಎತ್ತಿಡ್ತಾರೆ, ಅದನ್ನ ಓಟಿನ ಆಸೆಗೆ ಯಾರೂ ಮುಟ್ಟದ ಹಾಗೆ ಹೇಗೆ ಬರೀತಾರೆ, ಆ ಕರಡು ತೋರಿಸು ಆಮೇಲೆ ಹೇಳ್ತೀನಿ. ಅವನು ಫೋನ್ ತೆಗೆದು ಪಿಡಿಎಫ್ ಹುಡುಕೋಕೆ ಶುರು ಮಾಡಿದ.